ಕಚ್ಚಾ ಹೊಲಿಗೆಯ ತಂಡ

ಟೈಲರಮ್ಮನ ಅಂಗಡಿ ಎಂದರೆ ಒಂದೇ ಕೋಣೆ. ಅದರ ಹಿಂದಿನ ಗೋಡೆಯೂ ಕ್ಲಬ್ಬಿನ ಬ್ಯಾಸ್ಕೆಟ್‌ಬಾಲ್ ಅಂಕಣದ ಗೋಡೆಯೂ ಒಂದೇ. ಬೆಳಿಗ್ಗೆ ಆರು ಗಂಟೆಗೆ ಆಚೆ ಚೆಂಡು ಪುಟಿಯತೊಡಗಿದರೆ ಈಚೆ ಮೊಳೆಗೆ ತೂಗುಹಾಕಿದ ಕತ್ತರಿ ಸಣ್ಣಗೆ ಅಲುಗುತ್ತಿತ್ತು. ಚೆಂಡು ಯಾರ ಕೈಯಲ್ಲಿದೆ ಎಂದು ಸದ್ದಿನ ಮೇಲೆಯೇ ಹೇಳಬಲ್ಲಳು ಆಕೆ. ಮಗಳ ಕೈಯಲ್ಲಿದ್ದರೆ ಸದ್ದು ಒತ್ತೊತ್ತಾಗಿ, ನೆಲಕ್ಕೆ ಅಂಟಿಕೊಂಡ ಹಾಗೆ ಓಡುತ್ತಿತ್ತು. ಉಳಿದವರ ಚೆಂಡು ಎದೆಯೆತ್ತರ ಪುಟಿದು, ಬಿದ್ದು, ಯಾರದೋ ಪಾಲಾಗುತ್ತಿತ್ತು.

ಇಪ್ಪತ್ತೆರಡು ವರ್ಷದಿಂದ ಕ್ಲಬ್ಬಿನ ಹುಡುಗಿಯರ ತಂಡಕ್ಕೆ ಅಂಗಿ ಹೊಲಿಯುತ್ತಿದ್ದವಳು ಆಕೆಯೇ. ಶಾಲೆಯ ಸಮವಸ್ತ್ರ, ಆಸ್ಪತ್ರೆಯ ಮೇಲಂಗಿ, ಕಿಟಕಿಯ ಪರದೆ ಇವೆಲ್ಲ ಹೊಟ್ಟೆಪಾಡಿಗೆ. ಆಟದ ಅಂಗಿ ಮಾತ್ರ ಪ್ರೀತಿಗೆ. ಕತ್ತರಿ ಹಿಡಿಯಲು ಕಲಿಸಿದ ಗಂಡ ತೀರಿಕೊಂಡು ಹದಿನೈದು ವರ್ಷವಾಗಿತ್ತು. "ಬಟ್ಟೆ ನೋಡೋದಕ್ಕೆ ಮುಂಚೆ ಆಳನ್ನ ನೋಡೇ" ಎನ್ನುತ್ತಿದ್ದನಂತೆ ಆತ. ಅದೊಂದನ್ನು ಚೆನ್ನಾಗಿ ಕಲಿತಿದ್ದಳು. ಟೇಪು ಮುಟ್ಟದೆ, ಬಾಗಿಲಲ್ಲಿ ನಿಂತವರ ಭುಜದ ಅಗಲವನ್ನು ಅರ್ಧ ಬೆರಳೂ ತಪ್ಪದಂತೆ ಹೇಳುತ್ತಿದ್ದಳು.

ಮಗಳು ಎತ್ತರದಲ್ಲಿ ಅಮ್ಮನ ಕಿವಿಗೆ ಬರುತ್ತಿದ್ದಳು, ಅಷ್ಟೆ. ಟೈಲರಮ್ಮನ ಮಗಳು, ಮೈಕಟ್ಟು ಚಿಕ್ಕದು, ಮಾತು ಚುಚ್ಚುವಂಥದು. ಗೆಳತಿಯರು ಅವಳಿಗೆ ಗುಂಡುಸೂಜಿ ಎಂದು ಹೆಸರಿಟ್ಟಿದ್ದರು. ಅವಳು ತಾನು ಬುಟ್ಟಿಗೆ ಹಾಕಿದ್ದಕ್ಕಿಂತ ಬೇರೆಯವರಿಂದ ಹಾಕಿಸಿದ್ದೇ ಹೆಚ್ಚು. ಎದುರಾಳಿಗಳ ಸಂದಿಯಲ್ಲಿ ನುಗ್ಗಿ, ಇನ್ನೇನು ಸಿಕ್ಕಿಬಿದ್ದಳು ಎನ್ನುವಾಗ ಚೆಂಡನ್ನು ಸರಿಯಾದವಳ ಕೈಗೆ ದಾಟಿಸಿಬಿಡುತ್ತಿದ್ದಳು. ಅಂಕದ ಹಲಗೆಯ ಮೇಲೆ ಇನ್ನೊಬ್ಬಳ ಹೆಸರು ಬರುತ್ತಿತ್ತು. ಅವಳಿಗೆ ಅದರ ಚಿಂತೆಯೇ ಇರಲಿಲ್ಲ. ಆಡುವ ಕಾಲ ಮುಗಿದ ಮೇಲೆ ತರಬೇತುದಾರಳಾಗಬೇಕೆಂಬುದು ಅವಳ ಆಸೆ. ಅದರ ಕಲಿಕೆಗೆ ಸೇರಬೇಕಾದರೆ ಯಾವುದಾದರೂ ತಂಡದಲ್ಲಿ ಮೂರು ವರ್ಷದ ನೇಮಕದ ಪತ್ರ ಇರಬೇಕಿತ್ತು. ಆ ಒಂದು ಕಾಗದಕ್ಕಾಗಿ ತಾಯಿ ಮಗಳು ಇಬ್ಬರೂ ಕಾದಿದ್ದರು.

ಕಾಯಿಸುವುದರಲ್ಲಿ ಕ್ಲಬ್ಬಿನ ಕಾರ್ಯದರ್ಶಿಗಳನ್ನು ಮೀರಿಸುವವರು ಯಾರೂ ಇರಲಿಲ್ಲ. ಆತ ಮರದ ಪೀಠೋಪಕರಣದ ವ್ಯಾಪಾರಿ. ಮಾತೆತ್ತಿದರೆ ಮುಂದಾಲೋಚನೆ. ಇವತ್ತಿನ ಸಂಗತಿ ಏನು ಕೇಳಿದರೂ "ಮುಂದಿನ ವರ್ಷ ನೋಡೋಣ" ಎಂಬುದೇ ಉತ್ತರವಾದ್ದರಿಂದ, ಹುಡುಗಿಯರು ಅವರ ಬೆನ್ನ ಹಿಂದೆ ಮುಂದಿನ್ವರ್ಷದಪ್ಪ ಎನ್ನುತ್ತಿದ್ದರು.

ಐದು ವರ್ಷದ ಹಿಂದೆ ಒಂದು ಶಾಲಾ ಪಂದ್ಯದಲ್ಲಿ ಅವರ ಕಣ್ಣಿಗೆ ಒಬ್ಬ ಹುಡುಗಿ ಬಿದ್ದಳು. ವಯಸ್ಸು ಹದಿಮೂರು. ಆಗಲೇ ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಶಾಲೆಯಲ್ಲಿ ಅವಳನ್ನು ಏಣಿ ಎನ್ನುತ್ತಿದ್ದರು. ಹದಿನೆಂಟು ತುಂಬಿದ ದಿನ ಯಾವ ಕ್ಲಬ್ಬಿಗೆ ಬೇಕಾದರೂ ಸೇರಬಹುದೆಂಬುದು ನಿಯಮ. ಕಾರ್ಯದರ್ಶಿಗಳು ಅಂದೇ ಒಂದು ಕೆಂಪು ಕಡತ ತೆರೆದರು. ವಾರ್ಷಿಕ ಸಭೆಯಲ್ಲಿ ಅದನ್ನು ಎದೆಗವಚಿಕೊಂಡು, ಈ ಹುಡುಗಿ ಬಂದರೆ ಕ್ಲಬ್ಬಿನ ಹಣೆಬರಹವೇ ಬದಲಾಗುತ್ತದೆ, ಅವಳು ಬರುವ ದಿನಕ್ಕೆ ತಂಡವನ್ನು ಈಗಿನಿಂದಲೇ ಸಜ್ಜುಗೊಳಿಸಬೇಕು ಎಂದರು. ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಅವರು ಎಲ್ಲದಕ್ಕೂ ಚಪ್ಪಾಳೆ ತಟ್ಟುವವರು.

ಸಜ್ಜುಗೊಳಿಸುವುದು ಎಂದರೆ ಬರಿದುಮಾಡುವುದು ಎಂಬುದು ಮಾರನೆಯ ವಾರ ತಿಳಿಯಿತು. ಕಾರ್ಯದರ್ಶಿಗಳು ಅಂಗಡಿಗೆ ಬಂದು, ಗಿರಾಕಿಗಳ ಮುಕ್ಕಾಲಿಯ ಮೇಲೆ ಕುಳಿತರು.

"ಟೈಲರಮ್ಮ, ಈ ಸಲ ಅಂಗಿ ಬೆನ್ನಿಗೆ ನಂಬರು ಗಟ್ಟಿ ಹೊಲೀಬೇಡಿ. ಕಚ್ಚಾ ಹೊಲಿಗೆ ಸಾಕು."

"ಕಚ್ಚಾ ಹೊಲಿಗೇನಾ? ಅದು ಅಳತೆ ನೋಡೋಕೆ ಹಾಕಿ ಆಮೇಲೆ ಬಿಚ್ಚೋ ಹೊಲಿಗೆ ಸ್ವಾಮಿ. ಆಟದಲ್ಲಿ ಎಳೆದಾಡ್ತಾರೆ, ನಿಲ್ಲಲ್ಲ."

"ಒಂದು ವರ್ಷ ನಿಂತ್ರೆ ಸಾಕು. ಇನ್ಮೇಲೆ ಯಾರಿಗೂ ಒಂದು ವರ್ಷದ ಮೇಲೆ ಪತ್ರ ಕೊಡಲ್ಲ. ಏಣಿ ಬರೋ ಹೊತ್ತಿಗೆ ಜಾಗ ಎಲ್ಲ ಖಾಲಿ ಇರ್ಬೇಕು. ವರ್ಷದ ಕೊನೇಲಿ ದಾರ ಎಳೆದ್ರೆ ನಂಬರು ಕೈಗೆ ಬರ್ಬೇಕು, ಅಂಗಿ ಉಳೀಬೇಕು."

"ಹುಡುಗೀರು ಹೋಗ್ಬೇಕು, ಅಂಗಿ ಉಳೀಬೇಕು ಅನ್ನಿ."

"ಹಾಂ! ನೋಡಿ, ಸಮಿತಿಯವರಿಗೆ ಹೇಳೋಕೆ ಎರಡು ತಾಸು ಬೇಕಾಯ್ತು. ನಿಮಗೆ ಥಟ್ಟಂತ ಅರ್ಥವಾಯ್ತು."

ಕುಟುಕಿದರೆ ಮೆಚ್ಚಿಕೊಂಡರು ಎಂದುಕೊಳ್ಳುವ ಮನುಷ್ಯನಿಗೆ ಏನು ಹೇಳುವುದು? ಟೈಲರಮ್ಮ ಬಾಯಲ್ಲಿದ್ದ ದಾರ ತೆಗೆದು ಕೇಳಿದಳು: "ನನ್ನ ಮಗಳದ್ದು?"

"ಮುಂದಿನ ವರ್ಷ ನೋಡೋಣ" ಎಂದು ಎದ್ದರು.

ತಂಡ ಆಗ ಹನ್ನೆರಡು ತಂಡಗಳ ಪೈಕಿ ಎರಡನೆಯದು. ಮೊದಲ ವರ್ಷ ಎಡಗೈಯಾಟದ ಹುಡುಗಿ ಮೂರು ವರ್ಷದ ಪತ್ರ ಕೇಳಿದಳು, ಸಿಗಲಿಲ್ಲ, ಅಂಚೆಯವರ ತಂಡಕ್ಕೆ ಹೋದಳು. ಎರಡನೆಯ ವರ್ಷ ಅಕ್ಕತಂಗಿಯರಿಬ್ಬರು ಹೋದರು. ಮನೆಯಲ್ಲಿ ಮಾತಾಡಿಕೊಳ್ಳದಿದ್ದರೂ ಅಂಕಣದಲ್ಲಿ ಕಣ್ಸನ್ನೆಯಲ್ಲೇ ಆಡುತ್ತಿದ್ದವರು. ಅವರ ಜಾಗಕ್ಕೆ ಬಂದವರೆಲ್ಲ ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲೂ ಅನುಮತಿಯಿಲ್ಲದವರಂತೆ ಒಂದು ವರ್ಷ ಇದ್ದು, ಚೀಲ ಎತ್ತಿಕೊಂಡು ಹೊರಟರು. ತರಬೇತಿ ಮಾಸ್ತರೂ ವರ್ಷಕ್ಕೊಬ್ಬರು. ಐದನೆಯವರು ಬರುವ ಹೊತ್ತಿಗೆ ಹುಡುಗಿಯರು ಹೆಸರು ಕಲಿಯುವ ಗೋಜಿಗೆ ಹೋಗದೆ "ಈ ವರ್ಷದ ಮಾಸ್ತರು" ಎನ್ನುತ್ತಿದ್ದರು. ತಂಡ ಆರಕ್ಕಿಳಿಯಿತು, ಒಂಬತ್ತಕ್ಕಿಳಿಯಿತು, ಕೊನೆಗೆ ಹನ್ನೊಂದಕ್ಕೆ ಬಂದು ನಿಂತಿತು. ಸೋತಾಗಲೆಲ್ಲ ಕಾರ್ಯದರ್ಶಿಗಳು ಗೆದ್ದವರ ನಗು ನಗುತ್ತಿದ್ದರು. "ಎಲ್ಲ ಯೋಜನೆ ಪ್ರಕಾರ ನಡೀತಿದೆ."

ಬರಲಿರುವವಳಿಗೆ ಮಾತ್ರ ಯಾವ ಕೊರತೆಯೂ ಆಗಬಾರದಿತ್ತು. ಬಟ್ಟೆ ಬದಲಿಸುವ ಕೋಣೆಯ ಬಾಗಿಲನ್ನು ಒಂದೂವರೆ ಅಡಿ ಎತ್ತರಿಸಿದರು. ಕಾರ್ಯದರ್ಶಿಗಳ ಅಂಗಡಿಯಿಂದಲೇ ಒಂದು ಉದ್ದನೆಯ ಮಂಚ ಬಂದು ವಿಶ್ರಾಂತಿ ಕೋಣೆಯಲ್ಲಿ ಕುಳಿತಿತು. ಅದರ ಮೇಲೆ ಯಾರೂ ಕೂರಬಾರದೆಂಬ ಚೀಟಿ ಬೇರೆ. ಅಂಕಣದ ಎಡಮೂಲೆಯ ಹಲಗೆಯೊಂದು ಕಿತ್ತುಬಂದು ಇಬ್ಬರ ಕಾಲು ಉಳುಕಿತು. ಅದನ್ನು ಸರಿಮಾಡಿಸಿ ಎಂದಾಗ, "ಏಣಿ ಬಂದ್ಮೇಲೆ ಇಡೀ ನೆಲಾನೇ ಹೊಸದು ಹಾಕಿಸ್ತೀವಲ್ಲ, ಈಗ್ಯಾಕೆ ಒಂದು ಹಲಗೆ?" ಎಂದರು. ಹುಡುಗಿಯರು ಆ ಮೂಲೆಗೆ ಹೋಗದೆ ಆಡಲು ಕಲಿತರು. ಎದುರಾಳಿಗಳು ಆ ಮೂಲೆಯಿಂದಲೇ ಅಂಕ ಗಳಿಸಲು ಕಲಿತರು.

ಈ ಯೋಜನೆಯಲ್ಲಿ ಟೈಲರಮ್ಮನಿಗೂ ಒಂದು ಪಾಲಿತ್ತು. ಏಣಿಗೆಂದು ಪ್ರತಿವರ್ಷ ಒಂದು ಅಂಗಿ ಹೊಲಿದು ಗಾಜಿನ ಬೀರುವಿನಲ್ಲಿ ತೂಗುಹಾಕಬೇಕು, ಅದರ ಮೇಲೆ ಹತ್ತನೆಯ ನಂಬರನ್ನು ಎರಡೆಳೆ ದಾರದಲ್ಲಿ ಗಟ್ಟಿಯಾಗಿ ಹೊಲಿಯಬೇಕು. ಅದಕ್ಕಾಗಿ ಆಕೆ ವರ್ಷಕ್ಕೊಮ್ಮೆ ಶಾಲೆಯ ಪಂದ್ಯಕ್ಕೆ ಹೋಗಿ, ಗೊತ್ತಾಗದಂತೆ ಕಣ್ಣಳತೆ ತೆಗೆದುಕೊಂಡು ಬರಬೇಕಿತ್ತು. ಮೊದಲ ಸಲ ಕಂಡದ್ದು, ಮೆಟ್ಟಿಲ ಮೇಲೆ ಮೊಣಕಾಲು ಮಡಚಿಕೊಂಡು, ಇದ್ದುದಕ್ಕಿಂತ ಗಿಡ್ಡವಾಗಿ ಕಾಣಲು ಹೆಣಗುತ್ತಿದ್ದ ಮಗು. ಷರಾಯಿ ಕಣಕಾಲಿನಿಂದ ಒಂದು ಗೇಣು ಮೇಲಿತ್ತು. ಟೈಲರಮ್ಮನಿಗೆ ತಡೆಯಲಾಗಲಿಲ್ಲ. ಗುಟ್ಟಾಗಿ ಅಳೆಯಲು ಬಂದವಳು ಪಕ್ಕದಲ್ಲೇ ಕುಳಿತು, ಚೀಲದಿಂದ ಸೂಜಿದಾರ ತೆಗೆದು, ಮಡಿಕೆ ಬಿಚ್ಚಿ ಇಳಿಬಿಟ್ಟು ಹೊಲಿದುಕೊಟ್ಟಳು.

"ಎಲ್ಲರೂ ನನ್ನ ತಲೆ ಎಲ್ಲಿಗೆ ಮುಟ್ಟತ್ತೆ ಅಂತ ನೋಡ್ತಾರೆ ಅಕ್ಕ. ಕಾಲು ನೋಡಿದ್ದು ನೀವೊಬ್ರೇ" ಎಂದಿತು ಮಗು.

"ನಮ್ಮ ಕಸುಬೇ ಹಾಗೆ ಕಣಮ್ಮ. ಸ್ವಲ್ಪ ಸುಮ್ನೆ ಕೂತ್ಕೋ, ಸೂಜಿ ಚುಚ್ಚೀತು."

ಬಂದು ಅಳತೆ ಕೊಟ್ಟಳು. ಜೊತೆಗೆ, ಆ ಹುಡುಗಿ ಚೆಂಡು ಕೊಟ್ಟವರ ಮುಖ ನೋಡಿಯೇ ಆಡುತ್ತಾಳೆ, ಕೊಡುವವರು ಬದಲಾದರೆ ತಬ್ಬಿಬ್ಬಾಗುತ್ತಾಳೆ ಎಂದೂ ಹೇಳಿದಳು. "ನೀವು ಅಂಗುಲ ಹೇಳಿ ಟೈಲರಮ್ಮ, ಆಟ ನಮಗೆ ಬಿಡಿ" ಎಂದರು ಕಾರ್ಯದರ್ಶಿಗಳು. ಮೂವತ್ತು ವರ್ಷ ಕುರ್ಚಿ ಮೇಜು ಮಾರಿದವರಿಗೆ ಉದ್ದ ಅಗಲ ಬಿಟ್ಟರೆ ಬೇರೆ ಲೆಕ್ಕ ತಿಳಿಯದಿದ್ದದ್ದು ಆಶ್ಚರ್ಯವಲ್ಲ.

ಗುಂಡುಸೂಜಿಗೆ ಮಾತ್ರ ವರ್ಷ ವರ್ಷವೂ ಒಂದೊಂದು ವರ್ಷದ ಪತ್ರ ಸಿಗುತ್ತಿತ್ತು. ಅವಳನ್ನು ಬಿಟ್ಟರೆ ಚೆಂಡನ್ನು ಅಂಕಣದ ಈ ತುದಿಯಿಂದ ಆ ತುದಿಗೆ ಸಾಗಿಸುವವರೇ ಇರಲಿಲ್ಲ. ವರ್ಷದ ಕೊನೆಯ ವಾರ ಬಂದರೆ ತಾಯಿ ಮಗಳು ತಟ್ಟೆಯ ಮುಂದೆ ಕುಳಿತು ಅನ್ನ ಕೆದಕುವರು. ಪತ್ರ ಬಂದ ದಿನ ಟೈಲರಮ್ಮ ಮಗಳ ಅಂಗಿಗೆ ನಾಲ್ಕನೆಯ ನಂಬರನ್ನು ಮತ್ತೆ ಇಟ್ಟು, ಉದ್ದುದ್ದ ಹೊಲಿಗೆ ಹಾಕಿ, ಗಂಟು ಬಿಗಿಯದೆ ದಾರ ಕತ್ತರಿಸುವಳು. ಆಕೆಯ ಇಡೀ ಜೀವಮಾನದಲ್ಲಿ ಬೇಕೆಂದೇ ಕೆಡಿಸಿ ಮಾಡಿದ ಕೆಲಸ ಅದೊಂದೇ.

ಅಂತೂ ಏಣಿಗೆ ಹದಿನೆಂಟು ತುಂಬುವ ತಿಂಗಳು ಬಂದಿತು. ಅವಳು ತನ್ನನ್ನು ಸಾಕಿದ ಚಿಕ್ಕಮ್ಮನೊಂದಿಗೆ ಕ್ಲಬ್ಬು ನೋಡಲು ಬರುವುದೆಂದು ನಿಶ್ಚಯವಾಯಿತು. ಚಿಕ್ಕಮ್ಮ ಆಸ್ಪತ್ರೆಯಲ್ಲಿ ನರ್ಸು. ಹಿಂದಿನ ದಿನ ಕಾರ್ಯದರ್ಶಿಗಳು ಅಂಗಡಿಗೆ ಬಂದರು. ಮುಕ್ಕಾಲಿಯ ಮೇಲೆ ಕೂರಲಿಲ್ಲ, ನಿಂತೇ ಮಾತಾಡಿದರು.

"ಆ ಹುಡುಗಿಗೆ ನಿಮ್ಮನ್ನ ಕಂಡ್ರೆ ಇಷ್ಟವಂತೆ. ಚಿಕ್ಕಮ್ಮ ನಿಮ್ಮನ್ನೂ ನೋಡ್ಬೇಕು ಅಂದಿದ್ದಾರೆ. ಏನಾದ್ರೂ ಕೇಳಿದ್ರೆ ನಾಲ್ಕು ಒಳ್ಳೆ ಮಾತು ಹೇಳಿ. ಏಣಿ ಸಹಿ ಹಾಕಿದ ದಿನ ನಿಮ್ಮ ಮಗಳಿಗೆ ಮೂರು ವರ್ಷದ ಪತ್ರ. ನನ್ನ ಮಾತು ಅಂದ್ರೆ ಮಾತು."

"ಮುಂದಿನ ವರ್ಷ ಅನ್ನಲ್ವಲ್ಲ?"

"ಛೇ ಛೇ! ಅವತ್ತೇ."

ಮಗಳಿಗೆ ಈ ಮಾತು ಹೇಳಿದಾಗ ಅವಳು ಅಮ್ಮನ ಎರಡೂ ಕೈ ಹಿಡಿದುಕೊಂಡು, "ಹೇಳಿಬಿಡಮ್ಮ, ಏನಂತೆ! ನಾಲ್ಕು ಸುಳ್ಳಿಗೆ ನಾಲಿಗೆ ಸವೆಯತ್ತಾ?" ಎಂದು ನಕ್ಕಳು. ನಗುವಿನಲ್ಲಿ ಆರು ವರ್ಷದ ಆಯಾಸವಿತ್ತು.

ಮಾರನೆಯ ಬೆಳಿಗ್ಗೆ ಅತಿಥಿಗಳು ಬಂದರು. ಎತ್ತರಿಸಿದ ಬಾಗಿಲು, ಉದ್ದನೆಯ ಮಂಚ, ಗಾಜಿನ ಬೀರು ಒಂದೊಂದನ್ನೂ ತೋರಿಸಿದರು. ಏಣಿ ಎಲ್ಲಕ್ಕೂ ತಲೆದೂಗಿದಳು. ಮುಖದಲ್ಲಿ ಮಾತ್ರ ದೊಡ್ಡ ಅಂಗಡಿಯಲ್ಲಿ ಏನೂ ಕೊಳ್ಳದೆ ನಿಂತವರ ಸಂಕೋಚ. ಕೊನೆಗೆ, "ಸ್ವಲ್ಪ ಆಡ್ಲಾ?" ಎಂದಳು. ತಂಡವನ್ನು ಎರಡಾಗಿ ಹಂಚಿ ಆಡಿಸಿದರು. ಮೊದಲ ಹತ್ತು ನಿಮಿಷ ಗುಂಡುಸೂಜಿ ಅವಳ ಕಡೆಯಲ್ಲಿದ್ದಳು. ಮೂರು ಸಲ ಚೆಂಡು ದಾಟಿಸಿದಳು, ಮೂರು ಸಲವೂ ಏಣಿ ಬುಟ್ಟಿಗೆ ಹಾಕಿದಳು. ಮೂರನೆಯ ಸಲ ಇಬ್ಬರೂ ಜೋರಾಗಿ ನಕ್ಕರು. ಆ ನಗು ಕಂಡ ಈ ವರ್ಷದ ಮಾಸ್ತರು ಏನೋ ತಪ್ಪಾಗುತ್ತಿದೆ ಎಂದುಕೊಂಡು ಗುಂಡುಸೂಜಿಯನ್ನು ಎದುರು ಕಡೆಗೆ ಹಾಕಿದರು.

ಎದುರು ಕಡೆಯಿಂದ ನುಗ್ಗಿಬಂದ ಗುಂಡುಸೂಜಿಯನ್ನು ತಡೆಯಲು ಏಣಿ ಕೈಚಾಚಿದಾಗ ಬೆರಳು ಅವಳ ಬೆನ್ನಿಗೆ ಸಿಕ್ಕಿಕೊಂಡಿತು. ನಾಲ್ಕನೆಯ ನಂಬರು ಬಿಳಿ ದಾರದ ಬಾಲದೊಂದಿಗೆ ಏಣಿಯ ಕೈಗೆ ಬಂದಿತು.

"ಅಯ್ಯೋ, ಹರಿದುಬಿಟ್ನಾ?"

"ಹರಿಯೋಕೆ ಅದು ಹೊಲಿದಿದ್ರೆ ತಾನೆ? ಹಾಗೇ ಬರತ್ತೆ ಬಿಡು" ಎಂದಳು ಗುಂಡುಸೂಜಿ.

ನಾಚಿಕೆಯಿಂದ ತಲೆ ತಗ್ಗಿಸಬೇಕಾದ ಕಡೆ ಕಾರ್ಯದರ್ಶಿಗಳು ಹಿಗ್ಗಿ ಹೀರೇಕಾಯಿಯಾಗಿ ಎದ್ದು ನಿಂತರು. ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದೆಂದು ಅವರಿಗೆ ತೋರಿತು. "ಬರ್ಲಿ ಅಂತಾನೇ ಹಾಗೆ ಹೊಲಿಸಿದ್ದು! ನಿಮ್ಮ ಹುಡುಗಿಗೋಸ್ಕರ ಐದು ವರ್ಷದಿಂದ ಯಾರನ್ನೂ ಗಟ್ಟಿ ಮಾಡ್ಕೊಂಡಿಲ್ಲ. ಈ ಮೂವತ್ತನೇ ತಾರೀಕಿಗೆ ಹನ್ನೆರಡಕ್ಕೆ ಹನ್ನೆರಡು ಜಾಗಾನೂ ಖಾಲಿ!"

ಅಂಕಣದಲ್ಲಿದ್ದ ಹುಡುಗಿಯರು ಅಲ್ಲಲ್ಲೇ ನಿಂತರು. ಮೂವತ್ತನೇ ತಾರೀಕಿಗೆ ಹನ್ನೊಂದು ದಿನವಿತ್ತು. ಈ ಸಲ ಯಾರ ಪತ್ರವೂ ಮುಂದುವರಿಯದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಚಿಕ್ಕಮ್ಮ ರೋಗಿಯನ್ನು ಕೇಳುವ ದನಿಯಲ್ಲಿ ಕೇಳಿದರು. "ಹಾಗಾದ್ರೆ ಇವಳು ಯಾರ ಜೊತೆ ಆಡ್ತಾಳೆ?"

"ಯಾರು ಬೇಕು ಅಂತಾಳೋ ಅವರನ್ನ ತರೋಣ."

"ಇವಳಿಗಿಂತ ಉದ್ದದೋಳು ಯಾರಾದ್ರೂ ಬಂದ್ರೆ?"

ಬೇರೆ ಯಾರಾದರೂ ಆಗಿದ್ದರೆ ಈ ಪ್ರಶ್ನೆಗೆ ಕೆಮ್ಮಿ ಸುಮ್ಮನಾಗುತ್ತಿದ್ದರು. ಮುಂದಾಲೋಚನೆಯ ಮನುಷ್ಯನಿಗೆ ತನ್ನ ಮುಂದಾಲೋಚನೆಯನ್ನು ಮುಚ್ಚಿಡುವುದು ಗೊತ್ತಿರಲಿಲ್ಲ. "ಅದನ್ನೂ ಯೋಚಿಸಿದೀವಿ!" ಎಂದು ಕಡತ ಬಿಚ್ಚಿ, ಕೊನೆಯ ಭಾಗ ತೋರಿಸಿದರು. ಅಲ್ಲಿ ಹದಿಮೂರು ವರ್ಷದ ಇನ್ನೊಂದು ಮಗುವಿನ ಚಿತ್ರವಿತ್ತು. "ಆ ವಯಸ್ಸಲ್ಲಿ ನಿಮ್ಮ ಹುಡುಗಿ ಇದ್ದದ್ದಕ್ಕಿಂತ ಎರಡು ಅಂಗುಲ ಹೆಚ್ಚು!" ಅಧ್ಯಕ್ಷರು ಚಪ್ಪಾಳೆ ತಟ್ಟಲು ಕೈ ಎತ್ತಿದವರು ಹಾಗೇ ಇಳಿಸಿದರು.

ಚಿಕ್ಕಮ್ಮ ಟೈಲರಮ್ಮನತ್ತ ತಿರುಗಿದರು. "ನನ್ನ ಹುಡುಗಿ ಷರಾಯಿ ಸರಿಮಾಡಿ ಕೊಟ್ಟೋರು ನೀವೇ ಅಲ್ವಾ ಅಕ್ಕ? ನಿಮ್ಮ ಮಗಳು ಆಗಿದ್ರೆ ಇಲ್ಲಿ ಸೇರಿಸ್ತಿದ್ರಾ?"

ಚಿಕ್ಕಮ್ಮನ ಬೆನ್ನ ಹಿಂದೆ ನಿಂತು ಕಾರ್ಯದರ್ಶಿಗಳು ಮೂರು ಬೆರಳು ಎತ್ತಿ ತೋರಿಸಿದರು. ಮೂರು ವರ್ಷ. ಟೈಲರಮ್ಮ ಆ ಬೆರಳುಗಳನ್ನು ನೋಡಿದಳು, ಬೆನ್ನು ಬರಿದಾಗಿ ನಿಂತ ಮಗಳನ್ನು ನೋಡಿದಳು. ಬಾಯಿಪಾಠ ಮಾಡಿಕೊಂಡು ಬಂದಿದ್ದ ನಾಲ್ಕು ಒಳ್ಳೆಯ ಮಾತನ್ನು ಅಲ್ಲೇ ಬಿಟ್ಟಳು.

"ನನ್ನ ಮಗಳು ಇಲ್ಲೇ ಇದ್ದಾಳಮ್ಮ. ನಿಮ್ಮ ಹುಡುಗಿ ಕೈಲಿರೋದು ಅವಳ ನಂಬರು. ಐದು ವರ್ಷದಿಂದ ನಾನೇ ಅದನ್ನ ಎಳೆದ್ರೆ ಬರೋ ಹಾಗೆ ಹೊಲಿದಿದ್ದೀನಿ. ಹೆತ್ತೋಳು ಮಾಡೋ ಕೆಲಸವಲ್ಲ, ಮಾಡಿದೆ. ನಿಮ್ಮ ಹುಡುಗಿದು ಈಗ ಗಟ್ಟಿ ಹೊಲಿಸ್ತಾರೆ, ಸುಳ್ಳು ಹೇಳಲ್ಲ. ಅದನ್ನ ಬಿಚ್ಚಿಸೋ ತಾರೀಕೂ ಆ ಕಡತದಲ್ಲಿ ಎಲ್ಲೋ ಬರೆದಿರತ್ತೆ, ಕೇಳಿ ನೋಡಿ."

"ಎಲ್ಲಿದೆ? ತೋರಿಸಿ!" ಎಂದು ಕಾರ್ಯದರ್ಶಿಗಳು ಸಿಟ್ಟಿನಿಂದ ಪುಟ ತಿರುಗಿಸಿದರು. ಮುಂದಿನ ಪುಟದಲ್ಲಿ, ಅವರದೇ ದುಂಡಗಿನ ಅಕ್ಷರದಲ್ಲಿ, ದಿನ ತಿಂಗಳು ವರ್ಷ ಸಮೇತ ಇತ್ತು.

ಏಣಿ ನಂಬರನ್ನು ಗುಂಡುಸೂಜಿಯ ಕೈಗಿಟ್ಟು, ಚಿಕ್ಕಮ್ಮನ ಜೊತೆ ಹೊರಟುಹೋದಳು. ತಿಂಗಳ ಕೊನೆಯಲ್ಲಿ ಅವಳು ದೂರದ ಊರಿನ ಒಂದು ಸಾಧಾರಣ ತಂಡಕ್ಕೆ ಸೇರಿದಳೆಂದು ಸುದ್ದಿ ಬಂದಿತು. ಅಲ್ಲಿ ಏಳು ವರ್ಷದಿಂದ ಅದೇ ಆರು ಜನ ಆಡುತ್ತಿದ್ದರಂತೆ.

ಏಣಿ ಬಂದುಹೋದ ದಿನ ಮನೆಗೆ ಬಂದ ಗುಂಡುಸೂಜಿ ಬಾಗಿಲಲ್ಲೇ ಕುಸಿದು ಕುಳಿತಳು. "ಸಿಗ್ತಿತ್ತಲ್ಲಮ್ಮ. ಕೈಗೆ ಬಂದಿತ್ತಲ್ಲ."

"ಬಂದಿರ್ಲಿಲ್ಲ ಮಗಳೇ. ಬಂದಿದ್ರೂ, ಇನ್ನೊಂದು ಮಗೂನ ಈ ಕಸಾಯಿಖಾನೆಗೆ ನಾನು ಕೈಹಿಡಿದು ಕರೆದು ತಂದ ಹಾಗಾಗ್ತಿತ್ತು. ಬೈಯೋದಿದ್ರೆ ಬೈ."

ಮಗಳು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಮೂವತ್ತನೆಯ ತಾರೀಕು ಅವಳಿಗೆ ಪತ್ರ ಬರಲಿಲ್ಲ. ಒಂದನೆಯ ತಾರೀಕು ಬೆಳಿಗ್ಗೆ ಎದ್ದವಳೇ ಬೂಟು ಚೀಲಕ್ಕೆ ಹಾಕಿಕೊಂಡು, ಸೇತುವೆಯಾಚೆಯ ಸಾರಿಗೆ ನೌಕರರ ತಂಡದ ಅಂಕಣಕ್ಕೆ ಹೋದಳು. ಅಲ್ಲಿಯ ತರಬೇತಿ ಮಾಸ್ತರು ತಲೆ ನರೆತ ಹೆಂಗಸು, ಮಿತಭಾಷಿ. ಒಂದು ತಾಸು ಆಡಿಸಿ, "ಇಷ್ಟು ದಿನ ಎಲ್ಲಿದ್ದೆ?" ಎಂದು ಕೇಳಿದರು. ಎಲ್ಲಿದ್ದೆ ಎಂದು ಹೇಳಿದಾಗ, "ಓ, ಅವರಾ?" ಎಂದು ಹುಬ್ಬೇರಿಸಿದರು. ಮೂರನೆಯ ದಿನ ಮೂರು ವರ್ಷದ ಪತ್ರ ಕೊಟ್ಟರು. ಗುಂಡುಸೂಜಿ ಅದನ್ನು ತಂದು ಹೊಲಿಗೆ ಯಂತ್ರದ ಮೇಲಿಟ್ಟಳು. ತಾಯಿ ಓದಿದಳು, ಮತ್ತೊಮ್ಮೆ ಓದಿದಳು, ಯಂತ್ರದ ಎಣ್ಣೆ ತಾಗೀತೆಂದು ಬೇಗನೆ ಎತ್ತಿ ಸೆರಗಿನಲ್ಲಿ ಒರೆಸಿದಳು.

ಕ್ಲಬ್ಬಿನ ಅಂಗಿಯ ಕೆಲಸ ಟೈಲರಮ್ಮನ ಕೈಬಿಟ್ಟಿತು. ಆಕೆ ಅದಕ್ಕೆ ಕಣ್ಣೀರು ಹಾಕಲಿಲ್ಲ.

ನಾಲ್ಕು ತಿಂಗಳ ಮೇಲೆ ಸಾರಿಗೆ ನೌಕರರ ಅಂಕಣದಲ್ಲಿ ಎರಡೂ ತಂಡಗಳ ಪಂದ್ಯವಾಯಿತು. ಟೈಲರಮ್ಮ ಸಿಮೆಂಟಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ಅರ್ಧ ಆಟ ಮುಗಿಯುವುದರೊಳಗೆ ಕ್ಲಬ್ಬು ಇಪ್ಪತ್ತೊಂದು ಅಂಕ ಹಿಂದಿತ್ತು. ಕಾರ್ಯದರ್ಶಿಗಳು ಅತ್ತಿತ್ತ ನೋಡುತ್ತ ಬಂದು ಪಕ್ಕದಲ್ಲಿ ಕುಳಿತರು. ಹಳೆಯದನ್ನೆಲ್ಲ ಮರೆತವರಂತೆ ಹಲ್ಲು ಬಿಟ್ಟರು.

"ನಿಮ್ಮ ಮಗಳು ಚೆನ್ನಾಗಿ ಪಾಸ್ ಕೊಡ್ತಾಳೆ ಕಣ್ರೀ. ಇಂಥೋಳು ಒಬ್ಬಳಿದ್ರೆ ತಂಡಕ್ಕೆ ಬೇರೆ ಕಳೆ."

"ಆರು ವರ್ಷ ನಿಮ್ಮ ಕಣ್ಣೆದುರೇ ಇದ್ಲು."

"ಅದು ಹೋಗ್ಲಿ ಬಿಡಿ. ಇಲ್ಲಿ ಎಷ್ಟು ವರ್ಷಕ್ಕೆ ಬರೆದುಕೊಟ್ಟಿದ್ದಾರೆ?"

"ಮೂರು."

ಕಾರ್ಯದರ್ಶಿಗಳು ಕಂಕುಳಿನಿಂದ ಕಡತ ತೆಗೆದು ತೊಡೆಯ ಮೇಲಿಟ್ಟುಕೊಂಡರು, ಜೇಬಿನಿಂದ ಪೆನ್ನು ತೆಗೆದರು. ಬೆರಳು ಮಡಿಸಿ ಎಣಿಸಿದರು. "ಹಾಗಾದ್ರೆ ಮೂರು ವರ್ಷ ಕಳೆದ ಮೇಲೆ ಬಿಡುವಾಗ್ತಾಳೆ. ಇವತ್ತಿಂದಲೇ ಒಂದು ಜಾಗ ಖಾಲಿ ಇಡ್ತೀನಿ ಟೈಲರಮ್ಮ. ಅವಳಿಗೆ ಅಂತಲೇ."

ಟೈಲರಮ್ಮ ಅವರನ್ನು, ಅಂಗಿಗೆ ಬಟ್ಟೆ ಎಷ್ಟು ಬೇಕೆಂದು ನೋಡುವ ಹಾಗೆ, ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

"ಇಡಿ ಸ್ವಾಮಿ, ಖಾಲಿ ಇಡಿ. ನಿಮಗೆ ಬರೋದು ಅದೊಂದೇ ಕೆಲಸ."

"ಹಾಂ!" ಎಂದು ಕಾರ್ಯದರ್ಶಿಗಳು ಸಂತೋಷದಿಂದ ತಲೆ ಬಗ್ಗಿಸಿ ಬರೆಯತೊಡಗಿದರು. ಕೆಳಗೆ ಆಟ ಮತ್ತೆ ಶುರುವಾಗಿತ್ತು. ಟೈಲರಮ್ಮ ಎದ್ದು, ಅಂಕಣ ಇನ್ನೂ ಹತ್ತಿರದಿಂದ ಕಾಣುವ ಮುಂದಿನ ಸಾಲಿಗೆ ಹೋಗಿ ಕುಳಿತಳು.